ಸಿಂಗಾನಲ್ಲೂರಿನಿಂದ ಬೆಳ್ಳಿತೆರೆಗೆ

ಡಾ. ರಾಜ್‌ಕುಮಾರ್ ಅವರ ಪೂರ್ಣ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಮೊದಲ ಪದ ಕೊಳ್ಳೇಗಾಲ ಸೀಮೆಯ ಒಂದು ಹಳ್ಳಿ. ಎರಡನೆಯದು ಆ ಹಳ್ಳಿಯ ಮೂಲದ ಒಬ್ಬ ವೃತ್ತಿರಂಗಭೂಮಿ ನಟ. ಕನ್ನಡ ಚಿತ್ರರಂಗದ ಸುವರ್ಣಯುಗದ ಕಥೆಯನ್ನು ಮದರಾಸಿನ ಸ್ಟುಡಿಯೋಗಳಿಂದ ಆರಂಭಿಸುವುದು ವಾಡಿಕೆ. ಈ ಎರಡು ಪದಗಳಿಂದ ಆರಂಭಿಸಿದರೆ ಅದರ ಬೇರು ಬೇರೆಡೆ ಕಾಣುತ್ತದೆ.

ಆ ಕಾಲದ ಭೂಪಟ ಇಂದಿನದಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನಕ್ಕೆ ಸಂದ ಜಹಗೀರು. ಮೈಸೂರು ಅರಸರ ಸೀಮೆಗೆ ಸೇರಿದ್ದು. ಅಲ್ಲಿಂದ ಹದಿನೈದಿಪ್ಪತ್ತು ಕಿಲೋಮೀಟರ್ ದೂರದ ಕೊಳ್ಳೇಗಾಲ ಮಾತ್ರ ಬ್ರಿಟಿಷರ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರೂ ಮಲೆ ಮಹದೇಶ್ವರ ಬೆಟ್ಟವೂ ಅದರೊಳಗೇ ಇದ್ದವು. ಸಂತೆಗೆ, ಜಾತ್ರೆಗೆ, ಹೆಣ್ಣು ಕೊಟ್ಟು ತರುವುದಕ್ಕೆ ಈ ಗಡಿ ಅಡ್ಡ ಬರಲಿಲ್ಲ. ನಾಟಕ ಕಂಪನಿಗಳಿಗಂತೂ ಅದು ಲೆಕ್ಕಕ್ಕೇ ಇರಲಿಲ್ಲ; ಕನ್ನಡ ಕೇಳುವವರಿದ್ದಲ್ಲಿ ಪರದೆ ಕಟ್ಟಿದರಾಯಿತು.

ಪುಟ್ಟಸ್ವಾಮಯ್ಯನವರು ಅಂಥ ಪರದೆಯ ಹಿಂದೆಯೇ ಬದುಕು ಕಳೆದವರು. ಗುಬ್ಬಿ ಕಂಪನಿಯಲ್ಲಿ ಕಂಸ, ರಾವಣ, ಹಿರಣ್ಯಕಶಿಪುವಿನಂಥ ಅಬ್ಬರದ ಪಾತ್ರಗಳಿಗೆ ಹೆಸರಾಗಿದ್ದರು. ಮಗ 1929ರ ಏಪ್ರಿಲ್ 24ರಂದು ಹುಟ್ಟಿದ್ದು ತಾಳವಾಡಿ ಬಳಿಯ ಗಾಜನೂರಿನಲ್ಲಿ. ಶಾಲೆ ಬೇಗನೆ ಬಿಟ್ಟುಹೋಯಿತು. ಅಪ್ಪನ ಜೊತೆ ಕಂಪನಿ ಸೇರಿದ ಹುಡುಗನಿಗೆ ಮಾತು, ರಾಗ, ತಾಳ ಎಲ್ಲವನ್ನೂ ರಂಗವೇ ಕಲಿಸಿತು.

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ಮುತ್ತುರಾಜು ರಾಜ್‌ಕುಮಾರ್ ಆದದ್ದು ಸಿಂಹರಿಂದಲೇ. ನರಸಿಂಹರಾಜು, ಜಿ.ವಿ. ಅಯ್ಯರ್ ಮುಂತಾಗಿ ತೆರೆಯ ಮೇಲಿದ್ದವರಲ್ಲಿ ಹಲವರು ರಂಗಭೂಮಿಯಿಂದಲೇ ಬಂದವರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಗಳ ಸಾಲಿನಲ್ಲಿ ಅರ್ಹತಾ ಪತ್ರವೂ ದೊರೆಯಿತು. ಮಗ ನಾಯಕನಾದದ್ದನ್ನು ನೋಡಲು ಪುಟ್ಟಸ್ವಾಮಯ್ಯ ಬದುಕಿರಲಿಲ್ಲ.

ಶಿವನಿಗೆ ಮಾಂಸದ ಎಡೆಯಿಟ್ಟು, ಕೊನೆಗೆ ಕಣ್ಣನ್ನೇ ಕಿತ್ತುಕೊಡುವ ಬೇಡನ ಕಥೆ ಊರೂರಿನ ಮಡಿವಂತರಿಗೆ ವಿಚಿತ್ರವಾಗಿ ಕಂಡಿರಬಹುದು. ಈ ಸೀಮೆಯವರಿಗೆ ಅದರಲ್ಲಿ ಹೊಸದೇನಿತ್ತು? ಯಳಂದೂರಿನ ಮೇಲಣ ಬಿಳಿಗಿರಿಯ ರಂಗಸ್ವಾಮಿಯನ್ನು ಸೋಲಿಗರು ತಮ್ಮ ಹುಡುಗಿ ಕುಸುಮಾಲೆಯ ಕೈಹಿಡಿದ ಭಾವನೆಂದೇ ಕರೆಯುತ್ತಾರೆ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಮರೆತು ಬಾಡೂಟಕ್ಕೆ ಕೂರುವುದು ಪರಂಪರೆ. ಕಂಸಾಳೆಯವರು ಮಾದಪ್ಪನ ಕಥೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ರಾತ್ರಿಯಿಡೀ ಹಾಡಿ ಹೇಳುವ ನಾಡಿದು. ದೇವರನ್ನು ನೆಂಟನಂತೆ, ಒಮ್ಮೊಮ್ಮೆ ಜಗಳಗಂಟನಂತೆ ಕಾಣುವ ಈ ಕೇಳುಗರೇ ಟೆಂಟಿನ ಮರಳಿನ ಮೇಲೆ ಕೂತು ಭಕ್ತಿಚಿತ್ರ ನೋಡುವ ಪ್ರೇಕ್ಷಕರಾದರು.

ಚಿತ್ರ ಬಂದು ಎರಡೇ ವರ್ಷಕ್ಕೆ, 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಅದೇ ಕೊಯಮತ್ತೂರು ಜಿಲ್ಲೆಯ ಗಾಜನೂರು, ತಾಳವಾಡಿಗಳು ಮದರಾಸಿನಲ್ಲೇ ಉಳಿದವು. ಅಪ್ಪನ ಹಳ್ಳಿ ಒಂದು ರಾಜ್ಯ, ಮಗನ ಹುಟ್ಟೂರು ಇನ್ನೊಂದು! 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದ ನಟ ಅಧಿಕೃತವಾಗಿ ತಮಿಳುನಾಡಿನ ಹಳ್ಳಿಯವರು ಎಂಬುದನ್ನು ನೆನೆದರೆ, ಭಾಷೆಯ ಗಡಿಯೂ ಆಡಳಿತದ ಗಡಿಯೂ ಒಂದೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಇದೇ ಗಾಜನೂರಿನ ಮನೆಯಿಂದ. ಆತ ಈಗಿನ ಹನೂರು ತಾಲ್ಲೂಕಿನ ಗೋಪಿನಾಥಂನವನು. ಎರಡೂ ರಾಜ್ಯಗಳು 108 ದಿನ ತಲ್ಲಣಿಸಿದವು.

ಚಿತ್ರಗಳಿಗೆ ಮರಳುವುದಾದರೆ, ‘ರಣಧೀರ ಕಂಠೀರವ’ (1960), ‘ಸತ್ಯ ಹರಿಶ್ಚಂದ್ರ’ (1965), ‘ಮಯೂರ’ (1975), ‘ಬಭ್ರುವಾಹನ’ (1977) ಇವುಗಳ ಮಾತಿನ ಠೀವಿ ನೇರವಾಗಿ ಕಂಪನಿ ನಾಟಕದ್ದು. ಹಿಂದಿನ ಸಾಲಿನ ನೆಲದ ಪ್ರೇಕ್ಷಕನಿಗೂ ಪ್ರತಿ ಅಕ್ಷರ ಮುಟ್ಟಬೇಕೆಂಬುದು ಅಲ್ಲಿನ ನಿಯಮ. ಮೈಕು ಬಂದ ಮೇಲೂ ರಾಜ್‌ಕುಮಾರ್ ಅದನ್ನು ಬಿಡಲಿಲ್ಲ. ಆದರೆ ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳಲ್ಲಿ ಅವರು ಅಬ್ಬರವನ್ನು ಬದಿಗಿಟ್ಟು, ಅಕ್ಷರದ ಸ್ಪಷ್ಟತೆಯನ್ನಷ್ಟೇ ಇಟ್ಟುಕೊಂಡರು. ಪುರಾಣ ಚಿತ್ರಗಳ ಗದೆಗಿಂತ ಇದೇ ಹೆಚ್ಚು ಕಷ್ಟದ ಕೆಲಸ. ಹಾಡಿನ ಮಾತೂ ಹೀಗೆಯೇ. ಕಂಪನಿಯಲ್ಲಿ ನಟನೇ ಹಾಡಬೇಕಿತ್ತು. ಚಿತ್ರಗಳಲ್ಲಿ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠವಾಗಿದ್ದರು. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್‌ಕುಮಾರ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಜನ ಅದನ್ನು ಹೊಸತೆಂದರು. ಅದು ಮರಳಿ ಬಂದ ಹಳೆಯ ಅಭ್ಯಾಸ.

ತಂದೆಯ ಪಾತ್ರಗಳಲ್ಲಿ ಒಂದು ಮಗನಿಗಾಗಿ ಕಾದಿತ್ತು. 1983ರಲ್ಲಿ ವಿಜಯ್ ನಿರ್ದೇಶನದ ‘ಭಕ್ತ ಪ್ರಹ್ಲಾದ’ದಲ್ಲಿ ಅವರು ಹಿರಣ್ಯಕಶಿಪುವಾಗಿ ಕಂಬ ಒಡೆದರು. ಎದುರಿಗೆ ಪ್ರಹ್ಲಾದನಾಗಿ ನಿಂತಿದ್ದ ಬಾಲಕ ಪುಟ್ಟಸ್ವಾಮಯ್ಯನವರ ಮೊಮ್ಮಗ ಲೋಹಿತ್, ಮುಂದೆ ಪುನೀತ್ ರಾಜ್‌ಕುಮಾರ್ ಎಂದು ನಾಡು ಕರೆದ ಹುಡುಗ.