ಎಂಟು ತುಂಬಿದರೆ ಸಾಕಿತ್ತು

ಮೈಸೂರು 'ಮಾದರಿ ಸಂಸ್ಥಾನ'ವಾಗಿತ್ತು ಅಂತ ಶಾಲೆಯಲ್ಲಿ ನಮಗೆ ಪಾಠ ಮಾಡಿದರು. ಬಾಲ್ಯವಿವಾಹದ ವಿರುದ್ಧ 1894ರಲ್ಲೇ ಕಾಯ್ದೆ ತಂದ ಸಂಸ್ಥಾನ ಅದು, ನಿಜ. ಆ ಕಾಯ್ದೆಯೊಳಗೆ ಏನಿತ್ತು ಅಂತ ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. 50 ದಾಟಿದ ಗಂಡಸು 14 ತುಂಬದವಳನ್ನು ಕಟ್ಟಿಕೊಳ್ಳಕೂಡದು. ಅಷ್ಟೇ. ಎಂಟು ತುಂಬಿದ ಮಾರನೇ ದಿನ ತಾಳಿ ಬಿಗಿದರೆ ಸರ್ಕಾರದ ತಕರಾರಿಲ್ಲ! 1840ರಲ್ಲಿ 9 ವರ್ಷದ ಸಾವಿತ್ರಿಬಾಯಿಯನ್ನು 13ರ ಜೋತಿಬಾ ಫುಲೆಗೆ ಕೊಟ್ಟರಲ್ಲ, ಅರ್ಧ ಶತಮಾನ ಕಳೆದು ಬಂದ ಈ ಕಾಯ್ದೆಗೆ ಆ ಮದುವೆಯೂ ತಪ್ಪಾಗಿ ಕಾಣುತ್ತಿರಲಿಲ್ಲ.

ಯಾರ ಮನೆಯ ಹುಡುಗಿ ಈ ದೊರೆಗಳ ಕಣ್ಣಿಗೆ ಬಿದ್ದಳು? 1881ರಲ್ಲಿ ಮೈಸೂರಲ್ಲಿ ಮಹಾರಾಣಿ ಶಾಲೆ ಶುರುವಾದದ್ದು ಮೇಲ್ಜಾತಿ ಮನೆಗಳ ಹೆಣ್ಣುಮಕ್ಕಳಿಗಾಗಿ. ನಮ್ಮ ಕೇರಿಯ ಹುಡುಗಿ ಆ ಹೊತ್ತಿನಲ್ಲಿ ಉಳ್ಳವರ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಳು. ಮಂಗಳೂರಲ್ಲಿ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರನ್ನು ಅವರ ಜಾತಿಯವರೇ ಹೊರಗಿಟ್ಟರು.

ಆದ್ದರಿಂದ ನಮ್ಮ ಚರಿತ್ರೆಯನ್ನು ನಾವು ಅರಮನೆಯಿಂದ ಶುರು ಮಾಡುವುದಿಲ್ಲ. ಪುಣೆಯಲ್ಲಿ ಫುಲೆ ದಂಪತಿಗಳು 1848ರಲ್ಲಿ ಹಚ್ಚಿದ ದೀಪದಿಂದ ಶುರು ಮಾಡುತ್ತೇವೆ. ಅವರ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲಿ 'ಜ್ಞಾನೋದಯ' ಪತ್ರಿಕೆಗೆ ಮಹಾರ್-ಮಾಂಗರ ದುಃಖದ ಬಗ್ಗೆ ಬರೆದಳು. ವೇದ ಬ್ರಾಹ್ಮಣರದಾದರೆ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ಮೇಲೊಂದು ಸೂರೂ ಇಲ್ಲದೆ ಹೆರುವ ನಮ್ಮ ತಾಯಂದಿರ ಪಾಡು ಬರೆದಳು. ಇನ್ನೂ ಹರೆಯಕ್ಕೆ ಕಾಲಿಡುತ್ತಿದ್ದ ಹುಡುಗಿ!

1942ರ ಜುಲೈನಲ್ಲಿ ನಾಗಪುರದಲ್ಲಿ ಸುಲೋಚನಾಬಾಯಿ ಡೋಂಗರೆ ಅಧ್ಯಕ್ಷತೆಯಲ್ಲಿ ದಲಿತ ಮಹಿಳೆಯರ ಸಮ್ಮೇಳನ ನಡೆಯಿತು. ಬಾಬಾಸಾಹೇಬರು ಅಲ್ಲಿ ಸಾವಿರಾರು ತಾಯಂದಿರಿಗೆ ಹೇಳಿದ್ದು ಇಷ್ಟು: ಮಕ್ಕಳನ್ನು ಓದಿಸಿ, ಮದುವೆಗೆ ಅವಸರ ಮಾಡಬೇಡಿ, ಮದುವೆ ಅನ್ನೋದು ಒಂದು ಹೊರೆ. ಸೊಸೆಯಾಗಿ ಹೋದವಳು ಗಂಡನಿಗೆ ಆಳಲ್ಲ, ಸರಿಸಮಾನ ಗೆಳತಿ ಅಂತಲೂ ಹೇಳಿದರು. ಓದು, ಮದುವೆ ಎರಡನ್ನೂ ಅವರು ಒಂದೇ ಉಸಿರಿಗೆ ಹೇಳಿದ್ದನ್ನು ಗಮನಿಸಬೇಕು. ಕಾಯ್ದೆ ಮಾಡಿದವರು ವಯಸ್ಸನ್ನಷ್ಟೇ ಹೇಳಿ ಸುಮ್ಮನಾದರು.

ಇನ್ನೊಂದು ಮದುವೆಯಂತೂ ವಯಸ್ಸಿನ ಲೆಕ್ಕಕ್ಕೇ ಸಿಗಲಿಲ್ಲ. ಬೆಳಗಾವಿ, ಬಿಜಾಪುರ ಸೀಮೆಯಲ್ಲಿ ಮೈನೆರೆಯುವ ಮುನ್ನವೇ ಕೇರಿಯ ಹುಡುಗಿಗೆ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದರು. ಗಂಡಿಲ್ಲದ ಮದುವೆ ಇದು, ಬಾಲ್ಯವಿವಾಹ ಕಾಯ್ದೆಗೆ ಕಾಣುವುದಾದರೂ ಹೇಗೆ? ಮುತ್ತು ಬಿದ್ದ ಕೊರಳಿಗೆ ಪಾಟಿಚೀಲ ಎಲ್ಲಿಯದು? ಬೊಂಬಾಯಿ ಪ್ರಾಂತದಲ್ಲಿ 1934ರಲ್ಲಿ ಬೇರೆ ಕಾಯ್ದೆ ಬಂತು. ಮುತ್ತು ಕಟ್ಟುವುದು ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದನ್ನು ತರಬೇಕಾಯಿತು.

ವಯಸ್ಸೇನೋ ಏರುತ್ತ ಬಂತು. ಬ್ರಿಟಿಷ್ ಇಂಡಿಯಾದ ಶಾರದಾ ಕಾಯ್ದೆ 1929ರಲ್ಲಿ 14 ಅಂದಿತು. 1978ರಲ್ಲಿ 18 ಆಯಿತು. ಆದರೆ ಹಿಂದುಳಿದ ತಾಲ್ಲೂಕುಗಳ ಬಡ ಹುಡುಗಿಯರಿಗೆ ಉಳಿದು ಓದಲು ಕಸ್ತೂರ್ಬಾ ವಸತಿ ಶಾಲೆಗಳ ಯೋಜನೆ ಬಂದದ್ದು 2004ರಲ್ಲಿ. ಮೈಸೂರಿನ ಕಾಯ್ದೆಯಾಗಿ 110 ವರ್ಷದ ಮೇಲೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದಕ್ಕೆ ಒಬ್ಬಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ವಾರಗಟ್ಟಲೆ 'ಗೈರು' ಅಂತ ಬರೆಯುತ್ತೀರಲ್ಲ ಮೇಷ್ಟ್ರೇ, ಆ ಹುಡುಗಿಯ ಹಟ್ಟಿಗೆ ಒಂದು ಸಲ ಹೋಗಿ ಬಂದಿರಾ?