ಎತ್ತಿನಗಾಡಿಯ ಲೆಕ್ಕ

1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಆಫೀಸ್ ತೆರೆಯಿತು. ಡಿಸೈನ್‌ಗಳನ್ನು ಅಮೆರಿಕಕ್ಕೆ ಕಳಿಸಲು ಉಪಗ್ರಹ ಲೈನ್ ಬೇಕಿತ್ತು. ಅದರ ಡಿಶ್ ಬಂದದ್ದು ಎತ್ತಿನಗಾಡಿಯಲ್ಲಿ! ಈ ಕತೆಗೆ ಇಂದಿರಾನಗರದ ನಮ್ಮ ಆಫೀಸಿನಲ್ಲಿ ಎಲ್ಲರೂ ನಗ್ತಾರೆ. ಗಾಡಿ ಹೊಡೆದು ಬೆಳೆದ ನನಗೆ ಲೆಕ್ಕ ನೆನಪಾಗುತ್ತೆ.

ಉಪಗ್ರಹ ಇರೋದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಪ್ಯಾಕೆಟ್ ಹೋಗಿ, ‘ತಲುಪಿತು’ ಅನ್ನೋ ಉತ್ತರ ವಾಪಸ್ ಬರಲು ಹತ್ತಿರಹತ್ತಿರ ಅರ್ಧ ಸೆಕೆಂಡ್ ಬೇಕು. 64 ಕಿಲೋಬಿಟ್ ಲೈನಿಗೆ 128 ಬೈಟಿನ ಪ್ಯಾಕೆಟ್ ಹಾಕೋಕೆ 16 ಮಿಲಿಸೆಕೆಂಡ್ ಸಾಕು. ಒಂದೊಂದಕ್ಕೂ ಉತ್ತರ ಕಾಯುತ್ತಾ ಕೂತರೆ ಲೈನಿನ ಬಳಕೆ ಬರೀ ಶೇ 3. ಹೊಲಕ್ಕೆ ಹೋದ ಗಾಡಿ ಒಂದೇ ಮೂಟೆ ತಂದ ಹಾಗೆ. 1024 ಬೈಟಾದರೆ ಶೇ 20.

ಹಾಗಂತ ಸಿಕ್ಕಾಪಟ್ಟೆ ಹೇರೋ ಹಾಗಿಲ್ಲ. ಒಂದು ಬಿಟ್ ಕೆಟ್ಟರೂ ಇಡೀ ಪ್ಯಾಕೆಟ್ ಮತ್ತೆ ಕಳಿಸಬೇಕು. ಇಂಥಲ್ಲಿ ನೆರವಾಗೋದು ‘ವಿಂಡೋ’: ಉತ್ತರಕ್ಕೆ ಕಾಯದೆ ಹಲವು ಪ್ಯಾಕೆಟ್ ಸಾಲಾಗಿ ಬಿಡುವುದು. ಸುಗ್ಗಿಯಲ್ಲಿ ನಮ್ಮೂರ ಗಾಡಿಗಳು ಹೊರಡ್ತಿದ್ದದ್ದೂ ಹಾಗೇ.

ಬಿಇ ಕ್ಲಾಸಿನಲ್ಲಿ ಈ ಪಾಠ ಬಂದಾಗ ಗಾಡಿಯ ಮಾತೆತ್ತಲು ನಾಚಿಕೆಪಟ್ಟಿದ್ದೆ. ಈಗ ಟೀಮಿಗೆ ಬರುವ ಹೊಸಬರಿಗೆ ಅಲ್ಲಿಂದಲೇ ಶುರು ಮಾಡ್ತೀನಿ.