ಬೆಳಗಾವಿ ಸೀಮೆಯಲ್ಲಿ ನೆಗಡಿ ಮಾತ್ರೆಯ ಕಾನೂನು

ಶುಂಠಿ, ಮೆಣಸಿನ ಕಷಾಯದ ಪಕ್ಕಕ್ಕೆ ಮಾತ್ರೆ ಬಂದ ಕಾಲದಲ್ಲೇ ಅದಕ್ಕೆ ಕಾನೂನೂ ಬಂತು. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1940ರಲ್ಲಿ, ಔಷಧ ಕಾಯ್ದೆ ಜಾರಿಗೊಂಡಿತು. 1945ರಲ್ಲಿ ಅದರ ನಿಯಮಗಳು ರೂಪುಗೊಂಡವು.

ಆ ದಶಕದ ಕೊನೆಗೆ ಬಳಕೆಗೆ ಬಂದ ಕ್ಲೋರ್‌ಫೆನಿರಮಿನ್ ಎಂಬ ಅಲರ್ಜಿ ಔಷಧ ಸೀನು, ಮೂಗಿನ ಸೋರಿಕೆಗಳನ್ನು ತಗ್ಗಿಸಿದರೂ ತೂಕಡಿಕೆ ತರುತ್ತದೆ. ವಾಹನ ಓಡಿಸುವವರಿಗೆ, ಮದ್ಯ ಸೇವಿಸಿದವರಿಗೆ ಇದು ಅಪಾಯ. ಇಂಥ ಔಷಧಗಳು ಆ ನಿಯಮಗಳ ಶೆಡ್ಯೂಲ್ 'ಜಿ'ಗೆ ಸೇರಿ, ವೈದ್ಯರ ನಿಗಾ ಬೇಕೆಂಬ ಎಚ್ಚರಿಕೆಯ ಲೇಬಲ್ ಪಡೆದವು.

1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದರೂ ಕೇಂದ್ರದ ಕಾಯ್ದೆ ಹಾಗೆಯೇ ಉಳಿಯಿತು. 2011ರಲ್ಲಿ ಮೂಗುಕಟ್ಟಿಗೆ ಬಳಸುತ್ತಿದ್ದ ಫಿನೈಲ್‌ಪ್ರೊಪನಾಲಮೈನ್ ಅನ್ನು ಕೇಂದ್ರ ನಿಷೇಧಿಸಿತು. ಕ್ಲೋರ್‌ಫೆನಿರಮಿನ್–ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್‌ನಲ್ಲಿ ಮುದ್ರಿಸುವಂತೆ 2023ರಲ್ಲಿ ಸೂಚನೆ ಹೊರಟಿತು. ಬೆಳಗಾವಿಯ ಸದಾಶಿವನಗರದ ಔಷಧ ಅಂಗಡಿಗಳಿಗೂ ಇವೇ ನಿಯಮಗಳು.